ಇಪ್ಪತ್ತೈದನೇ ಸಾಲು

ಇಪ್ಪತ್ತೈದನೇ ಸಾಲಿನ ಮೇಲೆ ಹೂವಯ್ಯ ಮಾಸ್ಟ್ರು ಟವೆಲ್ ಹಾಕಿಟ್ಟಿದ್ದರು. ಶನಿವಾರ ಬೆಳಿಗ್ಗೆ ಬಂದು ನೋಡಿದರೆ ಅಲ್ಲಿ ಜಲಜಮ್ಮ ಟೀಚರು ಕೂತುಬಿಟ್ಟಿದ್ದರು.

ಬಸ್ಸಿನ ಸೀಟಲ್ಲ, ಕಂಪ್ಯೂಟರಿನ ಪ್ರೋಗ್ರಾಂ. ಎಂಬತ್ತಾರನೇ ಇಸವಿಯಲ್ಲಿ ಕೋಣಂದೂರು ಕಡೆಯ ಆ ಹೈಸ್ಕೂಲಿಗೆ ಸರ್ಕಾರ ಒಂದು ಕಂಪ್ಯೂಟರ್ ಕಳಿಸಿತ್ತು. ಇಬ್ಬರೂ ಸೇರಿ ಟೈಂಟೇಬಲ್ ಹಾಕುವ ಪ್ರೋಗ್ರಾಂ ಬರೆದು, ಕ್ಯಾಸೆಟ್ಟಿಗೆ ತುಂಬಿ, ಸ್ಟಾಫ್ ರೂಮಿನ ಬೀರುವಿನಲ್ಲಿ ಇಟ್ಟಿದ್ದರು. ಯಾರು ಬೇಕಾದರೂ ತೆಗೆದು ತಿದ್ದಬಹುದು. ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು. ನಡುವೆ ಖಾಲಿ ಜಾಗ. ಹೊಸ ಸಾಲು ಸೇರಿಸುವವರು ಮೊದಲು ಕ್ಯಾಸೆಟ್ಟಿನ ಪಕ್ಕದ ನೋಟ್‌ಬುಕ್ಕಿನಲ್ಲಿ ನಂಬರು, ಹೆಸರು ಬರೆಯಬೇಕು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಒಂದೇ ನಂಬರಿಗೆ ಇಬ್ಬರು ಬಂದರೆ ಕಂಪ್ಯೂಟರು ಮೊದಲಿನವರನ್ನು ಸದ್ದಿಲ್ಲದೆ ಇಳಿಸಿಬಿಡುತ್ತದೆ. ಕಂಡಕ್ಟರಾದರೂ ಒಂದು ಮಾತು ಹೇಳುತ್ತಾನೆ.

ರಿಟೈರಾದವರನ್ನು ಬಿಡು ಎನ್ನುವುದು ಹೂವಯ್ಯನವರ ಸಾಲು. ಅದು ಇಳಿದದ್ದೇ ತಡ, ಮೇಗರವಳ್ಳಿಯಲ್ಲಿ ಜೇನು ಸಾಕಿಕೊಂಡು ಆರಾಮಾಗಿದ್ದ ಮಂಜಯ್ಯ ಮಾಸ್ಟ್ರಿಗೆ ಸೋಮವಾರ ಐದು ಪಿರಿಯಡ್ ಬಿದ್ದಿತ್ತು. ಹತ್ತರ ಬಸ್ಸಿಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಟೈಂಟೇಬಲ್ ಸರಿಯಾಗಿ ಬರದಿದ್ದರೆ ಕಂಪ್ಯೂಟರು ಸಾಗರದ ಸ್ಕೂಲಿಗೆ ಅಂತ ಮೊದಲೇ ಹೇಳಿ ಕಳಿಸಿದ್ದರು.

“ನನ್ನ ಸಾಲು ಅಳಿಸಿದ್ರಲ್ಲ ಟೀಚರೇ! ಗುರುವಾರನೇ ಬರ್ದಿಟ್ಟಿದ್ದೆ.”

“ಎಲ್ಲಿ ಬರ್ದಿಟ್ಟಿದ್ರಿ? ನಿನ್ನೆ ಬೀರುನಲ್ಲಿ ನೋಟ್‌ಬುಕ್ಕೇ ಇರ್ಲಿಲ್ಲ.”

ಹೂವಯ್ಯನವರ ಕೈ ತನ್ನಷ್ಟಕ್ಕೆ ತಾನೇ ಹೆಗಲಿನ ಚೀಲಕ್ಕೆ ಹೋಯಿತು. ನೋಟ್‌ಬುಕ್ಕು ಅಲ್ಲಿತ್ತು. ಅವರ ಜೊತೆ ಹುಂಚದ ಮನೆಗೆ ಎರಡು ಸಲ ಹೋಗಿ ಬಂದಿತ್ತು.

“ಟವೆಲ್ಲು ನಿಮ್ಮ ಹೆಗಲ ಮೇಲೇ ಇದ್ರೆ, ಸೀಟಲ್ಲಿ ಯಾರಿಗ್ರೀ ಕಾಣತ್ತೆ?”

“ಆಯ್ತು ಮಾರಾಯ್ರೇ, ಈಗ ನಿಮ್ಮ ಸಾಲು ತೆಗೀರಿ.”

“ತೆಗೆದ್ರೆ ನೀವೊಬ್ರೇ ಒಂದೇ ಪಿರಿಯಡ್ಡಲ್ಲಿ ಮೂರು ಕ್ಲಾಸಿಗೆ ಹೋಗ್ಬೇಕಾಗತ್ತೆ. ಹೋಗ್ತೀರಾ?”

ಬೀರುವಿನ ಬೀಗದಕೈ ಹಿಡಿದು ನಿಂತಿದ್ದ ಪ್ಯೂನ್ ದುಗ್ಗಮ್ಮ ದಿನಾ ಎರಡು ಬಸ್ಸು ಹತ್ತಿ ಬರುವವಳು. ಮಾಸ್ಟ್ರು ಚೀಲದಿಂದ ತೆಗೆದ ನೋಟ್‌ಬುಕ್ಕಿಗೆ ಇಣುಕಿದಳು. “ಇಪ್ಪತ್ತಾರು ಖಾಲಿ ಐತಲ್ರಾ ಮಾಸ್ಟ್ರೇ. ಸ್ವಲ್ಪ ಆಚೆ ಸರ್ಕೊಂಡು ಕೂತ್ಕಳಿ.”

ಹೂವಯ್ಯ ಸರಿದು ಕೂತರು. ಮಂಜಯ್ಯ ಮಾಸ್ಟ್ರು ಜೇನಿಗೆ ವಾಪಸ್ಸಾದರು.

ಹತ್ತೂ ಕಾಲಿಗೆ ಇನ್ಸ್‌ಪೆಕ್ಟರು ಪರದೆಯ ಮೇಲಿನ ಟೈಂಟೇಬಲ್ಲನ್ನು ಎರಡು ಸಲ ಓದಿದರು. ಒಂದು ತಪ್ಪೂ ಸಿಗಲಿಲ್ಲ. “ಭೇಷ್. ಆದ್ರೂ ಇಂಥದ್ದು ಸಾಗರದಲ್ಲಿದ್ರೆ ನಾಲ್ಕು ಜನಕ್ಕೆ ಉಪಯೋಗ ಆಗ್ತಿತ್ತು” ಎನ್ನುತ್ತ ಬೆವರು ಒರೆಸಿಕೊಂಡು, ಕರ್ಚೀಫನ್ನು ಕಂಪ್ಯೂಟರಿನ ಮೇಲೆ ಹರಡಿದರು.

ದುಗ್ಗಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ, ನಾಲ್ಕು ಮಡಿಕೆ ಮಾಡಿ, ಅವರ ಕೈಗೇ ಕೊಟ್ಟಳು.

“ಇಲ್ಲಿ ಜನ ಕೂತಿದಾರೆ ಸಾರ್.”