ನಾವು ಎಬ್ಬಿಸುವ ನಾಯಕರು

ಬೋಧನೆಯ ನಡುವೆ ನೀಲಾಂಬಿಕಾ ಎದ್ದು ನಿಂತು ಪಾಸ್ಟರ್ ಚಿನ್ನಪ್ಪನವರನ್ನು ಕೇಳಿದಳು.

“ಅಂತ್ಯಕಾಲಕ್ಕ ಬಿಡಿಸಾಕ ಬೆತ್ಲೆಹೇಮಿನಿಂದ ಒಬ್ಬಾಂವ ಬರ್ತಾನ, ಅಲ್ಲೀತನಕ ಕಾಯ್ರಿ ಅಂತೀರಿ. ಹಂಗಾದ್ರ, ವೈರಿ ನಾಡಿನ್ಯಾಗ ಬಂದಾಗ ಕುರಿ ಕಾಯೋರು ಏಳು ಮಂದಿನ್ನ, ನಾಯಕರು ಎಂಟು ಮಂದಿನ್ನ ನಾವ ಎಬ್ಬಸ್ತೀವಿ ಅಂತ ಮೀಕ ಪ್ರವಾದಿ ಯಾಕ ಅಂದಾನ್ರಿ? ಬರಾಂವ ಒಬ್ಬನ ಸಾಕಾಗಿದ್ದಿಲ್ಲೇನು?”

ಭಾನುವಾರದ ಸಭೆ ಮೆಲ್ಲಗೆ ನಕ್ಕಿತು. ಚಿನ್ನಪ್ಪನವರು ಕನ್ನಡಕ ಒರೆಸಿಕೊಳ್ಳುತ್ತಿರುವಾಗಲೇ ಶೆಡ್ಡಿನ ಷಟರು ಪೂರ್ತಿ ಮೇಲೆದ್ದಿತು. ಕಾರ್ಖಾನೆಯ ಮ್ಯಾನೇಜರ್ ಮುನೀಂದ್ರ ಒಳಗೆ ಬಂದ.

ಪೀಣ್ಯದ ಆ ಶೆಡ್ಡು ಕಾರ್ಖಾನೆಯದೇ. ಪ್ರಾರ್ಥನೆಗೆಂದು ಪುಕ್ಕಟೆ ಬಿಟ್ಟುಕೊಟ್ಟದ್ದು. ಜಾಗಕ್ಕಾಗಿ ಊರೆಲ್ಲ ಅಲೆದಿದ್ದ ಚಿನ್ನಪ್ಪನವರಿಗೆ ಅದೊಂದೇ ನೆಲೆ. ಕುಳಿತವರೆಲ್ಲ ತಗಡು ಒತ್ತುವ ಪ್ರೆಸ್ ವಿಭಾಗದ ಕೆಲಸಗಾರರು. ಶುಕ್ರವಾರ ಭೀಮಪ್ಪನ ಎರಡು ಬೆರಳನ್ನು ಯಂತ್ರ ನುಂಗಿದ ಮೇಲೆ, ಕೈಗೆ ತಡೆಯಾಗುವ ಅಡ್ಡಕಂಬಿ ಹಾಕಿಸುವವರೆಗೂ ಕೆಲಸ ಮುಟ್ಟುವುದಿಲ್ಲವೆಂದು ಅಷ್ಟೂ ಜನ ಹೊರಬಂದಿದ್ದರು. ಮೊದಲು ಸ್ವಿಚ್ಚು ಆರಿಸಿದವಳು ನೀಲಾಂಬಿಕಾ. ಅದನ್ನು ಅವಳೇ ಚಿನ್ನಪ್ಪನವರಿಗೆ ತಿಳಿಸಿ, ಪ್ರಾರ್ಥನೆ ಮಾಡಿ ಎಂದು ಕೇಳಿಕೊಂಡಿದ್ದಳು.

ಮುನೀಂದ್ರ ಸೌಮ್ಯವಾಗಿಯೇ ಮಾತನಾಡಿದ. ಇವರನ್ನು ಎತ್ತಿಕಟ್ಟಿದವರು ಯಾರೆಂದು ಒಂದು ಹೆಸರು ಹೇಳಿದರೆ ಸಾಕು, ಉಳಿದವರ ಕೆಲಸಕ್ಕೆ ಕುತ್ತಿಲ್ಲ ಎಂದ. “ನಿಮ್ಮ ಹತ್ರ ಇವರು ಏನೂ ಮುಚ್ಚಿಡಲ್ಲ. ಲೀಡರ್ ಯಾರು, ಪಾಸ್ಟರ್?”

ಚಿನ್ನಪ್ಪನವರಿಗೆ ಜಾಣ ಉತ್ತರವೊಂದು ಹೊಳೆಯಿತು.

“ನಮಗೆ ನಾಯಕ ಒಬ್ಬನೇ ಸಾರ್, ಮೇಲಿಂದ ಬರೋನು. ಇಲ್ಲಿ ಯಾರೂ ಇಲ್ಲ.”

“ಅಲ್ಲಿಗೆ ಮುಗೀತಲ್ಲ.” ಮುನೀಂದ್ರ ಸಭೆಯತ್ತ ತಿರುಗಿದ. “ಲೀಡರೇ ಇಲ್ಲ ಅಂದ್ಮೇಲೆ ಸ್ಟ್ರೈಕ್ ಎಲ್ಲಿಂದ ಬಂತು? ನಾಳೆ ಬೆಳಿಗ್ಗೆ ಎಲ್ರೂ ಮಿಷಿನ್ ಮುಂದೆ ಇರಿ. ಮೇಲಿನವನು ಬರೋವರ್ಗೂ ಕೆಲಸ ಮಾಡ್ಕೊಂಡೇ ಕಾಯಿರಿ.”

ಯಾರೂ ತಲೆಯೆತ್ತಲಿಲ್ಲ. ನೀಲಾಂಬಿಕಾಳ ಹೆಸರು ಹೊರಬರದೆ ಉಳಿದಿತ್ತು, ಅಡ್ಡಕಂಬಿಯ ಬೇಡಿಕೆ ಬಿದ್ದುಹೋಗಿತ್ತು. ಮುಂದಿನ ಸಾಲಿನಲ್ಲಿ ಭೀಮಪ್ಪ ಪಟ್ಟಿ ಕಟ್ಟಿದ ಕೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡ. ಬಿಡುಗಡೆಗೆ ಮುನ್ನ ದೇವರು ವಿಚಾರಿಸಿಕೊಳ್ಳುವುದು ಮಂದೆಯನ್ನಲ್ಲ, ಮಂದೆ ಕಾಯದೆ ತಮ್ಮ ಹೊಟ್ಟೆ ಹೊರೆದುಕೊಂಡ ಕುರುಬರನ್ನು ಎಂದು ಇದೇ ಜನಕ್ಕೆ ಎಷ್ಟು ಸಲ ಬೋಧಿಸಿದ್ದರು ಚಿನ್ನಪ್ಪನವರು! ಆಗೆಲ್ಲ ಅವರ ಮನಸ್ಸಿನಲ್ಲಿದ್ದವರು ಬೇರೆ ಯಾರೋ.

“ಸಾರ್, ನಿಲ್ಲಿ. ತಪ್ಪು ಹೇಳ್ಬಿಟ್ಟೆ. ಲೀಡರ್ ಇದಾರೆ.”

ನೀಲಾಂಬಿಕಾಳ ಮುಖ ಬಿಳಿಚಿತು.

“ಯಾರು?”

“ಇವರನ್ನ ಕಾಯೋ ಕೆಲಸ ನಂದು. ನನ್ನ ಹೆಸರೇ ಬರ್ಕೊಳ್ಳಿ.”

“ನಮ್ಮ ಹಾಜರಿಯಲ್ಲೇ ಇಲ್ವಲ್ಲ ನೀವು? ಯಾವ ಕೆಲಸದಿಂದ ತೆಗೀಲಿ ನಿಮ್ಮನ್ನ?”

“ಶೆಡ್ಡು ನಿಮ್ದಲ್ವಾ ಸಾರ್.”

ಮುನೀಂದ್ರ ಅವರನ್ನೊಮ್ಮೆ ದಿಟ್ಟಿಸಿದ. ಆಮೇಲೆ ಬೀಗದ ಕೈಗಾಗಿ ಅಂಗೈ ಚಾಚಿದ.

ಚಾಪೆ ಸುತ್ತಿಕೊಂಡು ಎಲ್ಲರೂ ಬೀದಿಗೆ ಬಂದರು. ಲಾರಿಗಳ ಸದ್ದಿಗಿಂತ ತುಸು ಮೇಲೆ ದನಿಯೆತ್ತಿ ಚಿನ್ನಪ್ಪನವರು, ಎಲ್ಲರೂ ಮನೆಗೆ ಹೋಗಿ, ಬೆಳಿಗ್ಗೆ ನಾನೊಬ್ಬನೇ ಗೇಟಿನ ಬಳಿ ಹೋಗಿ ಮಾತಾಡುತ್ತೇನೆ ಎಂದರು. ನೀಲಾಂಬಿಕಾ ಒಪ್ಪಲಿಲ್ಲ.

“ನೀವೊಬ್ಬರ ಮುಂದ ಹೋಗಬ್ಯಾಡ್ರಿ ಪಾಸ್ಟರ್. ನಾವೆಲ್ಲಾ ಬರ್ತೀವಿ, ನೀವು ನಮ್ಮ ನಡುವ ನಿಂದರ್ರಿ. ಮೊದಲ ಮಿಷಿನ್ ಬಂದ್ ಮಾಡಿದಾಕಿ ನಾನು. ಮಾತೂ ನಾನ ಆಡ್ತೀನಿ.”

ಷಟರಿಗೆ ಬೀಗ ಹಾಕುತ್ತಿದ್ದ ಮುನೀಂದ್ರ ತಿರುಗಿ ನೋಡಿದ. ಅವನು ಕೇಳಿದ್ದ ಹೆಸರು ಕಣ್ಣೆದುರೇ ನಿಂತಿತ್ತು. ಅದರ ಅಕ್ಕಪಕ್ಕ ನಿಂತವರು ಮಾತ್ರ ಒಬ್ಬರೂ ಕದಲಿರಲಿಲ್ಲ.