ಬಚ್ಚಲಮನೆಯ ಚಿಲಕ

ಬಚ್ಚಲಮನೆಗೆ ಒಳಗಿನಿಂದ ಚಿಲಕ ಹಾಕಿತ್ತು. ನೀರಿನ ಸದ್ದೇ ಇರಲಿಲ್ಲ. ಹೊರಗೆ ನಿಂತ ಶೇವಂತಾ ಬಾಗಿಲಿಗೆ ಕಿವಿಗೊಟ್ಟಳು. ಗಂಡ ಪೀರಪ್ಪ ಕಲಬುರಗಿಯ ತನ್ನ ಅಂಗಡಿಯಲ್ಲಿ ಊಟ, ನಿದ್ದೆ ಬಿಟ್ಟು ರೇಡಿಯೊ ರಿಪೇರಿ ಮಾಡುತ್ತ ಕುಸಿದುಬಿದ್ದಿದ್ದ. ಡಾಕ್ಟರ ಮಾತು ಕೇಳಿ, ವಿಶ್ರಾಂತಿಗೆಂದು ಅವನನ್ನು ಕಮಲಾಪುರದ ತವರಿಗೆ ಕರೆತಂದಿದ್ದಳು. ಇಲ್ಲಿಗೆ ಬಂದಮೇಲೆ ಅವನು ಮೇಲಿಂದ ಮೇಲೆ ಬಚ್ಚಲಿಗೆ ಹೋಗುತ್ತಿದ್ದ. ಕುಡಿಯುವುದು ಕಲಿತನೇ?

"ಬಾಗಿಲಾ ತಗೀರಿ."

ಬಾಗಿಲು ತೆರೆಯಿತು. ಅವನ ಕೈಗಳು ಟವೆಲ್ಲಿನೊಳಗಿದ್ದವು. ಶೇವಂತಾ ಹತ್ತಿರ ಹೋಗಿ ಅವನ ಬಾಯಿ ಮೂಸಿದಳು. ಸೆರೆಯ ವಾಸನೆ ಇರಲಿಲ್ಲ.

"ಟವೆಲ್ಲಿನಾಗ ಏನೈತಿ?"

"ಏನಿಲ್ಲ. ನಿನ್ನಾಣಿ, ಏನಿಲ್ಲ."

ಅವಳು ಟವೆಲ್ ಎಳೆದಳು. ಒಳಗೆ ಪಕ್ಕದ ಮನೆಯವರ ಕೆಟ್ಟ ರೇಡಿಯೊ ಬಿಚ್ಚಿಕೊಂಡಿತ್ತು. ಶೇವಂತಾಗೆ ನಗು ಬಂತು. "ಇಷ್ಟೇ ಏನ್ರೀ? ಕುಡ್ಯಾಕತ್ತೀರಿ ಅಂತ ಹೆದರಿದ್ದೆ."

ಪೀರಪ್ಪ ನಗಲಿಲ್ಲ. "ನಿನ್ನ ಆಣಿ ಮಾಡಿ ಸುಳ್ಳು ಹೇಳೀನಿ, ಶೇವಂತಾ. ನಮ್ಮಪ್ಪ ಬಾಟ್ಲಿ ಮುಚ್ಚಿಟ್ಟು ಅವ್ವನ ಮುಂದ ಹಿಂಗ ಆಣಿ ಮಾಡ್ತಿದ್ದ."

ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇನ್ನೂ ಇತ್ತು. ಅದನ್ನು ಅವಳ ಕೈಗಿಟ್ಟ.

"ನಾ ಬೇಡಿದರೂ ಕೊಡಬ್ಯಾಡ. ಅತ್ತರೂ ಕೊಡಬ್ಯಾಡ."