ಎರಡನೆಯ ಬೀಗ

ಸ್ವಿಚ್ಚಿಗೆ ಎರಡು ಬೀಗ ನೇತಾಡುತ್ತಿದ್ದವು. ಮೆಕ್ಯಾನಿಕ್ ಹಾಕಿದ್ದು ಒಂದೇ.

ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕೆಂಪು ಬೀಗ ಅವನದು. ಕೀಲಿ ಅವನ ಜೇಬಿನಲ್ಲೇ ಇತ್ತು. ಪಕ್ಕದಲ್ಲಿದ್ದದ್ದು ಹಿತ್ತಾಳೆಯ ಹೊಸ ಬೀಗ. ಅವನು ಹಿತ್ತಿಲಿಗೆ ಹೋಗಿ ಅರ್ತ್ ತಂತಿ ನೋಡಿಕೊಂಡು ಬರುವಷ್ಟರಲ್ಲಿ ಯಾರೋ ಅದನ್ನು ಜಡಿದಿದ್ದರು.

ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆ. ಗೋಡೆಗೆ ಇನ್ವರ್ಟರ್, ಅದರ ಪಕ್ಕದಲ್ಲಿ ಮಹಡಿಯ ಸೋಲಾರ್ ಪ್ಯಾನೆಲ್‌ಗಳಿಂದ ಬರುವ ಕರೆಂಟನ್ನು ಕಡಿಯುವ ಸ್ವಿಚ್. ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್‌ಗಳು ಯಾರ ಮಾತನ್ನೂ ಕೇಳುವುದಿಲ್ಲ, ಅವುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಅದಕ್ಕೇ ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟು. ಕೆಲಸಕ್ಕೆ ಕೈ ಹಾಕುವ ಪ್ರತಿಯೊಬ್ಬರೂ ಸ್ವಿಚ್ ಇಳಿಸಿ ಅದರ ಕೊಂಡಿಗೆ ತಮ್ಮದೇ ಬೀಗ ಹಾಕಬೇಕು. ಬೀಗವಿದೆಯೆಂದರೆ ತಂತಿಯ ಮೇಲೆ ಯಾರದೋ ಕೈ ಇದೆಯೆಂದೇ ಲೆಕ್ಕ. ಹಾಕಿದವರು ತಾವೇ ಬಂದು ತೆಗೆಯುವ ತನಕ ಸ್ವಿಚ್ ಏರಿಸುವಂತಿಲ್ಲ.

ಅವನ ಕೆಲಸ ಮುಗಿದಿತ್ತು. ಇನ್ವರ್ಟರಿನ ಒಳಗೆ ಉಳಿದಿದ್ದ ಕರೆಂಟು ಇಳಿಯುವವರೆಗೆ ಕಾದು, ಮೀಟರಿಟ್ಟು ನೋಡಿ, ಸುಟ್ಟ ಫ್ಯಾನು ಬದಲಿಸಿದ್ದ. ಇನ್ನು ಸ್ವಿಚ್ ಏರಿಸಿ ಈ ಮನೆಯಿಂದ ಹೊರಬಿದ್ದರೆ ಸಾಕು ಎಂದು ಬಂದಾಗಿನಿಂದ ಚಡಪಡಿಸುತ್ತಿದ್ದವನಿಗೆ ಈ ಬೀಗ ಅಡ್ಡ ಬಿದ್ದಿತ್ತು.

“ಆಯ್ತಾ?”

ಯಜಮಾನರು ಬಾಗಿಲು ತುಂಬ ನಿಂತಿದ್ದರು. ಅವನು ಒಳಗೆ ಬಂದ ಕೂಡಲೇ ಗೇಟಿಗೆ ಬೀಗ ಹಾಕಿ, ಕೆಲಸ ಪೂರ್ತಿ ಆಗದೆ ಹೊರಗೆ ಬಿಡುವ ಮಾತೇ ಇಲ್ಲ ಎಂದಿದ್ದರು. ಹಾಗೆನ್ನುವಾಗಲೂ ಅವನ ಮುಖ ನೋಡಿರಲಿಲ್ಲ.

ಏನೆಂದು ಕರೆಯುವುದೋ ತೋಚದೆ ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡ. “ಇನ್ನೊಂದು ಬೀಗ ಬಿದ್ದಿದೆ. ಮೇಲೆ ಯಾರಾದ್ರೂ ಕೆಲಸ ಮಾಡ್ತಿದ್ದಾರಾ?”

“ರಿಪೇರಿಗೆ ಅಂತ ನಾನು ಕರೆಸಿದ್ದು ನಿಮ್ಮೊಬ್ಬರನ್ನೇ.”

ಅವನು ಅವರ ಪಕ್ಕದಿಂದ ನುಸುಳಿ ಮಹಡಿಗೆ ಓಡಿದ. ಮೆಟ್ಟಿಲಲ್ಲಿ ಕತ್ತಲು. ನಡುವೆ ಮುರಿದಿದ್ದ ಮೆಟ್ಟಿಲನ್ನು ತಡವರಿಸದೆ ದಾಟಿದ. ಮೇಲಿನ ಬಾಗಿಲಿಗೆ ಆ ಕಡೆಯಿಂದ ಚಿಲಕ ಹಾಕಿತ್ತು.

“ಯಾರಿದ್ದೀರಿ? ಬೀಗ ನಿಮ್ಮದಾ?” ಅಂಗೈಯಿಂದ ಬಡಿದ. ಬಾಗಿಲಿಗೆ ಕಿವಿಯಿಟ್ಟ. ಕೇಳಿಸಿದ್ದು ಗಾಳಿಯೋ ಯಾರದೋ ಉಸಿರೋ ತಿಳಿಯಲಿಲ್ಲ.

ಕೆಳಗಿಳಿದು ಬಂದಾಗ ಯಜಮಾನರು ನಿಂತಲ್ಲೇ ನಿಂತಿದ್ದರು. “ತೆಗೀಲಿಲ್ವಾ? ಅದು ತನಗೆ ಬೇಕೆನಿಸಿದಾಗ ಮಾತ್ರ ತೆಗೆಯೋ ಬಾಗಿಲು.”

ಅವರ ಹೆಂಡತಿ ಕಾಫಿ ತಂದು ಸ್ಟೂಲಿನ ಮೇಲಿಟ್ಟು ಹೋದರು. ಕಾಫಿಗೆ ಸಕ್ಕರೆ ಇರಲಿಲ್ಲ. ಅವನು ಸಕ್ಕರೆ ಹಾಕಿಕೊಳ್ಳುವವನೂ ಅಲ್ಲ.

“ಬೀದಿ ಕರೆಂಟು ಬೆಳಗ್ಗೆಯಿಂದ ಇಲ್ಲ. ಫ್ರಿಜ್ಜಿನಲ್ಲಿ ಇವಳ ಇನ್ಸುಲಿನ್ ಇದೆ. ಕೆಟ್ಟುಹೋದ್ರೆ ನೀವು ತಂದುಕೊಡ್ತೀರಾ?”

“ತಂದುಕೊಡ್ತೀನಿ.”

“ಅದೆಲ್ಲ ಯಾಕೆ?” ಯಜಮಾನರು ಬಾಗಿಲ ಹಿಂದಿನಿಂದ ಉದ್ದ ಹಿಡಿಯ ಕಟರ್ ತೆಗೆದು ಅವನ ಕೈಗಿಟ್ಟರು. ಅದು ಅಲ್ಲಿ ಸಿದ್ಧವಾಗಿ ಕಾದಿದ್ದಂತಿತ್ತು. “ಕತ್ತರಿಸಿ. ನಿಮಗೇನು ಇದು ಹೊಸದಾ?”

ಮೆಕ್ಯಾನಿಕ್ ಕಟರನ್ನು ಹಿಡಿದು ಬೀಗದತ್ತ ತಿರುಗಿದ. ಇವರಿಗೆ ಗೊತ್ತೇ ಇದೆ. ಗೊತ್ತಿಲ್ಲದವರು ತಾನೆ ಯಾರು? ಕಸುಬಿನಲ್ಲಿ ಇಂಥ ಸುದ್ದಿಗೆ ಕಾಲು ಮೂಡುತ್ತದೆ.

ಹೊಸದಲ್ಲ. ಒಮ್ಮೆ ಕತ್ತರಿಸಿದ್ದ. ಅಂದೂ ಹೀಗೇ ಅವಸರ. ಮೇಲೆ ಕೆಲಸ ಮುಗಿದಿರಬೇಕು, ಬೀಗ ತೆಗೆಯಲು ಮರೆತಿರಬೇಕು ಎಂದು ತಾನೇ ಅಂದುಕೊಂಡ. ಒಂದು ಕೂಗು ಹಾಕಿ ಕೇಳುವ ತಾಳ್ಮೆಯೂ ಇರಲಿಲ್ಲ. ಸ್ವಿಚ್ ಏರಿಸಿದ. ಮಹಡಿಯಲ್ಲಿ ಬಿಚ್ಚುತ್ತಿದ್ದ ತಂತಿಯ ತುದಿಯಲ್ಲಿ ಕಿಡಿ ಎದ್ದು ಒಂದು ಬಲಗೈ ಬೆಂದುಹೋಯಿತು. ಕೈ ನಿಧಾನವಾಗಿ ವಾಸಿಯಾಯಿತು. ಆ ಕೈ ಮತ್ತೆಂದೂ ಅವನ ಪಕ್ಕದಲ್ಲಿ ಕೆಲಸಕ್ಕೆ ನಿಲ್ಲಲಿಲ್ಲ.

ಕಾಲಿಗೆ ಬುದ್ಧಿ ಹೇಳೋಣವೆಂದರೆ ಗೇಟಿಗೆ ಬೀಗ. ಕರೆಂಟು ಕೊಡೋಣವೆಂದರೆ ಸ್ವಿಚ್ಚಿಗೆ ಬೀಗ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಗಿದ್ದ. ಕೋಣೆಯ ಬಿಸಿಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಕಟರಿನ ಬಾಯಿ ಹಿತ್ತಾಳೆ ಬೀಗದಿಂದ ಗೇಣುದ್ದ ದೂರದಲ್ಲಿತ್ತು. ಒಂದು ಸಲ ಹಿಡಿ ಅದುಮಿದರೆ ಮುಗಿಯಿತು, ಮನೆಗೆ ಹೋಗಬಹುದು.

“ಹೂಂ, ನೋಡ್ತೀರೇನು?” ಎಂದರು ಯಜಮಾನರು.

ಅವನು ಕಟರನ್ನು ಹೊಸ್ತಿಲಿನ ಆಚೆ ಇಟ್ಟ. ಸ್ವಿಚ್ಚಿಗೆ ಅಡ್ಡವಾಗಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ.

“ಹಾಕಿದವರು ಬರಲಿ. ಅವರ ಬಾಯಿಂದ ಕೇಳದೆ ಇದನ್ನ ನಾನೂ ಮುಟ್ಟಲ್ಲ, ನಿಮಗೂ ಮುಟ್ಟೋಕೆ ಬಿಡಲ್ಲ.”

“ಬರದೇ ಹೋದ್ರೆ?”

“ಕಾಯ್ತೀನಿ.”

“ಕತ್ತಲಾದ್ರೆ?”

“ಕಾಯ್ತೀನಿ ಅಂದೆನಲ್ಲ!” ಅವನ ದನಿ ಒಡೆಯಿತು. “ಬೈಯಿರಿ, ಇಲ್ಲೇ ಕೂಡಿಹಾಕಿ. ಇನ್ನೊಂದು ಕೈ ಸುಡೋದು ಮಾತ್ರ ನನ್ನಿಂದಾಗಲ್ಲ.”

ಯಜಮಾನರು ಆ ದಿನ ಮೊದಲ ಬಾರಿಗೆ ಅವನ ಮುಖ ನೋಡಿದರು. ಬಾಗಿ ಕಟರನ್ನು ಎತ್ತಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಜಮಾನರು ನಿಧಾನವಾಗಿ ಮೆಟ್ಟಿಲ ಬುಡಕ್ಕೆ ಹೋಗಿ, ಕತ್ತೆತ್ತಿ, ಮಹಡಿಯ ಕಡೆಗೆ ಕೂಗಿದರು.

“ಮಗಳೇ, ಕೀಲಿ ತಗೊಂಡು ಕೆಳಗೆ ಬಾಮ್ಮ. ನಿನ್ನ ಗಂಡ ಈ ಸಲ ಕತ್ತರಿಸಲಿಲ್ಲ.”